ಬಂದು ಬಂದು ಹೋಗುವ ಕರೆಂಟ್ ತೊಂದರೆ: ಹಳೆ ಕಾರಿನಲ್ಲಿ ಅದನ್ನು ಹಿಡಿಯುವುದು ಹೇಗೆ?

ಗ್ಯಾರೇಜಿಗೆ ಒಯ್ದರೆ ಗಾಡಿ ಸರಿಯಾಗಿಯೇ ಇರುತ್ತದೆ. ಮನೆಗೆ ತಂದ ಮಾರನೇ ದಿನ ಮತ್ತೆ ಅದೇ ಗೋಳು. ಒಂದು ದಿನ ಸೆಲ್ಫ್ ಹೊಡೆದರೆ ಬರೀ ಟಿಕ್ ಅನ್ನುತ್ತದೆ, ಇನ್ನೊಂದು ದಿನ ಮುಟ್ಟಿದ್ದೇ ತಡ ಸ್ಟಾರ್ಟ್. ಮಳೆ ಬಂದ ಮೇಲೆ ಒಂದು ಹೆಡ್‌ಲೈಟ್ ಮಂಕು. ಹಂಪ್ ಹಾರಿಸಿದರೆ ಮ್ಯೂಸಿಕ್ ಸಿಸ್ಟಮ್ ಆಫ್ ಆಗಿ ಆನ್ ಆಗುತ್ತದೆ. ಮಾರುತಿ 800, ಝೆನ್, ಹಳೆ ಸ್ಯಾಂಟ್ರೊ, ಇಂಡಿಕಾ, ಯಾವುದೇ ಇರಲಿ, ಹದಿನೈದು ಇಪ್ಪತ್ತು ವರ್ಷದ ಕಾರು ಇಟ್ಟುಕೊಂಡವರಿಗೆ ಇದರಲ್ಲಿ ಒಂದಾದರೂ ಗೊತ್ತಿರುತ್ತದೆ.

ಆಮೇಲೆ ಏನಾಗುತ್ತದೆ ಅಂತಲೂ ಗೊತ್ತು. ಮೊದಲು ಬ್ಯಾಟರಿ ಬದಲಾಗುತ್ತದೆ. ಸರಿಹೋಗಲಿಲ್ಲ ಅಂದರೆ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಬಿಚ್ಚುತ್ತಾರೆ. ಅದೂ ಅಲ್ಲ ಅಂದರೆ ಸೆಲ್ಫ್ ಮೋಟರ್. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೆ ಕೊನೆಗೆ ಸಿಕ್ಕಿದ್ದು ಸಡಿಲವಾಗಿದ್ದ ಒಂದು ಬೋಲ್ಟು. ಈ ದುಡ್ಡು ಉಳಿಯಬೇಕು. ಅದಕ್ಕಿಂತ ಹೆಚ್ಚಾಗಿ, ಚೆನ್ನಾಗಿರುವ ಹಳೆ ಗಾಡಿಯನ್ನು "ಇದರ ಕರೆಂಟ್ ಕಾಟ ಸಾಕಪ್ಪ" ಅಂತ ಮಾರಿಬಿಡುವುದು ತಪ್ಪಬೇಕು. ಈ ಲೇಖನ ಬರೆಯುತ್ತಿರುವುದೇ ಅದಕ್ಕೆ.

ಮೊದಲಿಗೆ ಒಂದು ಮಾತು. ಹಳೆ ಕಾರಿನಲ್ಲಿ ಪೂರ್ತಿ ಸತ್ತುಹೋದ ಭಾಗವನ್ನು ಹುಡುಕುವುದು ಸುಲಭ. ಬಂದು ಹೋಗುವ ತೊಂದರೆಯಲ್ಲಿ ಭಾಗಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಅವುಗಳ ನಡುವಿನ ಜೋಡಣೆ. ಮೆಕ್ಯಾನಿಕ್‌ಗಳು "ಲೂಸ್ ಕಾಂಟ್ಯಾಕ್ಟ್" ಅನ್ನುತ್ತಾರಲ್ಲ, ಅದೇ. ಆ ಜೋಡಣೆ ಕೈಕೊಡುವುದಕ್ಕೆ ಪ್ರತಿ ಸಲವೂ ಒಂದು ಕಾರಣ ಇರುತ್ತದೆ: ಬಿಸಿ, ತೇವ, ಅಲುಗಾಟ, ಇಲ್ಲವೇ ಒಮ್ಮೆಲೇ ಬಿದ್ದ ಜಾಸ್ತಿ ಲೋಡ್. ಈ ನಾಲ್ಕರಲ್ಲಿ ಯಾವುದು ಅಂತ ತಿಳಿಯುವವರೆಗೆ ಸ್ಪ್ಯಾನರ್ ಎತ್ತಬೇಡಿ.

ಮೊದಲು ಬರೆದಿಟ್ಟುಕೊಳ್ಳಿ

ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಒಂದು ಚೀಟಿ, ಪೆನ್ನು ಇಡಿ. ಫೋನಿನಲ್ಲಿ ಬರೆದರೂ ಸರಿ. ತೊಂದರೆ ಬಂದಾಗ ಇಂಜಿನ್ ಬಿಸಿ ಇತ್ತಾ, ತಣ್ಣಗಿತ್ತಾ? ಮಳೆ ಬಂದಿತ್ತಾ, ಗಾಡಿ ತೊಳೆಸಿದ್ರಾ? ರಸ್ತೆ ಹೇಗಿತ್ತು? ಸ್ಟೇರಿಂಗ್ ತಿರುಗಿಸುತ್ತಿದ್ದಿರಾ? ಆ ಹೊತ್ತಿಗೆ ಲೈಟು, ಫ್ಯಾನು, ವೈಪರ್ ಯಾವ್ಯಾವುದು ಓಡುತ್ತಿತ್ತು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಅದರ ಜೊತೆಗೆ ಇನ್ನೇನು ನಿಂತಿತು? ವೈಪರ್ ಒಂದೇ ನಿಂತರೆ ವೈಪರ್ ದಾರಿಯಲ್ಲಿ ಹುಡುಕಬೇಕು. ವೈಪರ್, ಇಂಡಿಕೇಟರ್, ಒಳಗಿನ ಫ್ಯಾನ್ ಮೂರೂ ಒಟ್ಟಿಗೆ ನಿಂತು, ಹಾರ್ನ್ ಮತ್ತು ಹೆಡ್‌ಲೈಟ್ ಮಾತ್ರ ಕೆಲಸ ಮಾಡುತ್ತಿದ್ದರೆ ಲೆಕ್ಕವೇ ಬೇರೆ. ಬಹಳಷ್ಟು ಹಳೆ ಗಾಡಿಗಳಲ್ಲಿ ಹಾರ್ನ್‌ಗೂ ಹೆಡ್‌ಲೈಟಿಗೂ ಕರೆಂಟ್ ಬರುವುದು ಬ್ಯಾಟರಿಯಿಂದ ನೇರವಾಗಿ. ಮೊದಲ ಮೂರಕ್ಕೆ ಬರುವುದು ಕೀ ಆನ್ ಮಾಡಿದ ಮೇಲೆ. ಅಂದರೆ ಅನುಮಾನ ಕೀ ಸ್ವಿಚ್ಚಿನ ಮೇಲೆ, ಇಲ್ಲವೇ ಅಲ್ಲಿಂದ ಹೊರಟ ಒಂದು ಫ್ಯೂಸಿನ ಮೇಲೆ. ಕೀಯನ್ನು ಮೆಲ್ಲಗೆ ಅತ್ತಿತ್ತ ಅಲುಗಿಸಿ ನೋಡಿ. ಎಲ್ಲವೂ ಮಿಣುಕಿ ಬಂದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ. ಮನೆ, ಅಂಗಡಿ, ಬೀರುವಿನ ಕೀಗಳನ್ನೆಲ್ಲ ಒಂದೇ ಗೊಂಚಲಿಗೆ ಹಾಕಿ ತೂಗುಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಆ ಭಾರ ವರ್ಷಗಟ್ಟಲೆ ಸ್ವಿಚ್ಚನ್ನು ಎಳೆಯುತ್ತಿರುತ್ತದೆ.

ಸ್ಟೇರಿಂಗ್ ಒಂದು ಕೋನಕ್ಕೆ ತಿರುಗಿದಾಗ ಮಾತ್ರ ಹಾರ್ನ್ ಹೋಗುತ್ತಿದ್ದರೆ ಸ್ಟೇರಿಂಗ್ ಒಳಗಿನ ಹಾರ್ನ್ ಕಾಂಟ್ಯಾಕ್ಟ್ ನೋಡಿ. ಬಾಗಿಲು ಅರ್ಧ ತೆರೆದಾಗ ಮಾತ್ರ ಪವರ್ ವಿಂಡೋ ಓಡಿದರೆ, ಬಾಗಿಲಿನ ಕೀಲಿನ ಹತ್ತಿರ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿದೆ. ಹೊರಗಿನ ಪ್ಲಾಸ್ಟಿಕ್ ಹಾಗೇ ಇರುತ್ತದೆ, ಒಳಗೆ ತಾಮ್ರದ ಎಳೆಗಳು ಮಡಚಿ ಮಡಚಿ ಮುರಿದಿರುತ್ತವೆ. ಆ ವೈರನ್ನು ಎರಡೂ ಕಡೆ ಹಿಡಿದು ಹಗುರವಾಗಿ ಎಳೆಯಿರಿ. ಒಳಗೆ ತುಂಡಾಗಿದ್ದರೆ ಅದು ರಬ್ಬರಿನ ಹಾಗೆ ಉದ್ದವಾಗುತ್ತದೆ. ಡಿಕ್ಕಿ ಬಾಗಿಲಿನ ವೈರಿಗೂ ಇದೇ ಗತಿ.

ಅರ್ಥ್: ಎಲ್ಲರೂ ಮರೆಯುವ ಅರ್ಧ ದಾರಿ

ಬ್ಯಾಟರಿಯಿಂದ ಹೊರಟ ಕರೆಂಟ್ ಬಲ್ಬಿಗೆ ಹೋಗಿ ಅಲ್ಲೇ ಮುಗಿಯುವುದಿಲ್ಲ. ಅದು ಬ್ಯಾಟರಿಗೆ ವಾಪಸ್ ಬರಲೇಬೇಕು. ಕಾರಿನಲ್ಲಿ ಈ ವಾಪಸ್ ದಾರಿಗೆ ಉದ್ದಕ್ಕೂ ವೈರ್ ಎಳೆದಿರುವುದಿಲ್ಲ. ಬಾಡಿಯ ತಗಡೇ ವೈರು. ಬಲ್ಬಿನಿಂದ ಒಂದು ಗಿಡ್ಡ ಕಪ್ಪು ವೈರ್ ಬಂದು ಹತ್ತಿರದ ತಗಡಿಗೆ ಬೋಲ್ಟ್ ಆಗಿರುತ್ತದೆ, ಅಷ್ಟೆ. ಇದನ್ನೇ ನಾವು ಅರ್ಥ್ ಅನ್ನುವುದು.

ಈಗ ಯೋಚಿಸಿ. ತಗಡಿಗೆ ತುಕ್ಕು ಹಿಡಿಯುತ್ತದೆ. ಬೋಲ್ಟಿನ ಕೆಳಗೆ ನೀರು ಹೋಗುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿ, ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಮಳೆ. ಅಪಘಾತವಾಗಿ ಡೆಂಟಿಂಗ್, ಪೇಂಟಿಂಗ್ ಆಗಿದ್ದರೆ ಅರ್ಥ್ ಜಾಗದ ಮೇಲೂ ಬಣ್ಣ ಹೊಡೆದು ಅದರ ಮೇಲೆಯೇ ಬೋಲ್ಟ್ ಬಿಗಿದಿರುತ್ತಾರೆ. ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ?

ಕೆಟ್ಟ ಅರ್ಥ್ ಮಾಡುವ ಚೇಷ್ಟೆಯನ್ನು ಹಿಂದಿನ ಲೈಟಿನಲ್ಲಿ ಚೆನ್ನಾಗಿ ನೋಡಬಹುದು. ಬ್ರೇಕ್ ತುಳಿದರೆ ಬ್ರೇಕ್ ಲೈಟು ಹತ್ತುವುದಿಲ್ಲ, ಆದರೆ ನಂಬರ್ ಪ್ಲೇಟಿನ ದೀಪವೋ ಡ್ಯಾಶ್‌ಬೋರ್ಡಿನ ದೀಪವೋ ಮಂಕಾಗಿ ಹೊತ್ತಿಕೊಳ್ಳುತ್ತದೆ. ನೋಡಿದವರು "ಪೂರ್ತಿ ವೈರಿಂಗೇ ಹೋಗಿದೆ" ಅಂದುಬಿಡುತ್ತಾರೆ. ಒಳಗೆ ಆಗುತ್ತಿರುವುದು ಇಷ್ಟು. ಹಿಂದಿನ ಬಲ್ಬಿನೊಳಗೆ ಬೆಳಗುವ ಎರಡು ತಂತಿಗಳಿವೆ (ಫಿಲಮೆಂಟ್): ಬ್ರೇಕಿಗೆ 21 ವ್ಯಾಟ್, ಪಾರ್ಕಿಂಗಿಗೆ 5 ವ್ಯಾಟ್. ಎರಡಕ್ಕೂ ಅರ್ಥ್ ಒಂದೇ. ಆ ಅರ್ಥ್ ಬಿಟ್ಟುಹೋಗಿದೆ ಅಂದುಕೊಳ್ಳಿ. ಬ್ರೇಕ್ ತುಳಿದಾಗ 21 ವ್ಯಾಟಿನ ತಂತಿಯ ಮೂಲಕ ಬಂದ ಕರೆಂಟಿಗೆ ಬಾಡಿಯ ತಗಡಿಗೆ ಹೋಗುವ ದಾರಿ ಮುಚ್ಚಿದೆ. ಅದು ಪಕ್ಕದ 5 ವ್ಯಾಟಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಅಲ್ಲಿಂದ ಪಾರ್ಕಿಂಗ್ ಲೈಟಿನ ವೈರಿಗೆ ಸೇರುತ್ತದೆ. ಆ ವೈರಿಗೆ ನಂಬರ್ ಪ್ಲೇಟ್ ದೀಪ, ಮುಂದಿನ ಪಾರ್ಕಿಂಗ್ ದೀಪ, ಮೀಟರ್ ದೀಪ ಎಲ್ಲ ಜೋಡಿಸಿವೆ. ಅವುಗಳ ಅರ್ಥ್ ಚೆನ್ನಾಗಿದೆ. ಕರೆಂಟ್ ಅವುಗಳ ಮೂಲಕ ಮನೆ ಸೇರುತ್ತದೆ, ಹೋಗುತ್ತಾ ಅವನ್ನು ಮಂಕಾಗಿ ಹೊತ್ತಿಸುತ್ತದೆ. ಇಷ್ಟೆಲ್ಲ ಗೊಂದಲಕ್ಕೆ ಕಾರಣ ಒಂದು ಬೋಲ್ಟ್ ಅಥವಾ ಹೋಲ್ಡರಿನ ಒಂದು ತುಕ್ಕು ಹಿಡಿದ ಪಟ್ಟಿ.

ಹಾಗಾಗಿ ಒಂದನ್ನು ಮುಟ್ಟಿದರೆ ಇನ್ನೊಂದು ಹತ್ತುತ್ತಿದ್ದರೆ, ಕಣ್ಣು ಮುಚ್ಚಿಕೊಂಡು ಮೊದಲು ಅರ್ಥ್ ನೋಡಿ.

ಇದರಲ್ಲಿ ಅತಿ ಮುಖ್ಯವಾದದ್ದು ಇಂಜಿನ್ನಿನ ಅರ್ಥ್ ಪಟ್ಟಿ. ಇಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಅದಕ್ಕೂ ಬಾಡಿಗೂ ನಡುವೆ ಕರೆಂಟಿನ ಸಂಪರ್ಕ ಇರುವುದು ಒಂದು ದಪ್ಪ ವೈರಿನಿಂದ ಮಾತ್ರ. ಅದು ಸಡಿಲವಾದರೆ ಸೆಲ್ಫ್ ಮೋಟರಿನ ನೂರು ಆಂಪಿಯರಿನಷ್ಟು ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಎಷ್ಟೋ ಸಲ ಅದು ಎಕ್ಸಲರೇಟರ್ ಕೇಬಲ್ ಅಥವಾ ಕ್ಲಚ್ ಕೇಬಲ್ ಮೂಲಕ ಹರಿಯುತ್ತದೆ. ಸೆಲ್ಫ್ ಹೊಡೆದ ಮೇಲೆ ಕೇಬಲ್ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಆ ದಪ್ಪ ವೈರಿನ ಎರಡೂ ತುದಿ ನೋಡಿ.

ಮೀಟರ್ 12 ವೋಲ್ಟ್ ತೋರಿಸಿದರೂ ನಂಬಬೇಡಿ

ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಬೇಕಾದಷ್ಟು ಸಿಗುತ್ತವೆ. ಆದರೆ ಅದನ್ನು ಬಳಸುವ ರೀತಿಯಲ್ಲಿ ಬಹಳ ಜನ ಎಡವುತ್ತಾರೆ. ಬಲ್ಬ್ ಬಿಚ್ಚುತ್ತಾರೆ, ಹೋಲ್ಡರಿಗೆ ಮೀಟರ್ ಇಡುತ್ತಾರೆ, 12 ವೋಲ್ಟ್ ಬರುತ್ತದೆ. "ವೈರಿಂಗ್ ಸರಿ ಇದೆ, ಬಲ್ಬೇ ಹೋಗಿದೆ" ಅನ್ನುತ್ತಾರೆ. ಹೊಸ ಬಲ್ಬ್ ಹಾಕಿದರೂ ಹತ್ತುವುದಿಲ್ಲ.

ಮೀಟರಿನೊಳಗಿನ ತಡೆ (ಕರೆಂಟಿಗೆ ಒಡ್ಡುವ ಅಡ್ಡಿ, ಅದರ ಅಳತೆ ಓಮ್) ಸಾಮಾನ್ಯವಾಗಿ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್. ಅದು ಎಳೆಯುವ ಕರೆಂಟ್ ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು. ವೈರಿನಲ್ಲಿ ಇಪ್ಪತ್ತು ಎಳೆಗಳ ಪೈಕಿ ಒಂದೇ ಎಳೆ ಉಳಿದಿದ್ದರೂ ಅಷ್ಟು ಕರೆಂಟ್ ಆರಾಮಾಗಿ ಹರಿಯುತ್ತದೆ, ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ನಲ್ಲಿ ಮುಚ್ಚಿದ್ದಾಗ ಪೈಪಿನಲ್ಲಿ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದಾಗಲೇ ಒಳಗೆ ಕಸ ಕಟ್ಟಿಕೊಂಡಿರುವುದು ಗೊತ್ತಾಗುವುದು. ಇದೂ ಹಾಗೆಯೇ. ವೈರ್ ತುಂಡಾಗಿಲ್ಲ ಅಂತ ಮೀಟರ್ ಬೀಪ್ ಸದ್ದು ಮಾಡಿ ಹೇಳುವ ಪರೀಕ್ಷೆಗೂ ಇದೇ ಕೊರತೆ ಇದೆ.

ದಾರಿ ಏನಪ್ಪಾ ಅಂದರೆ, ಬಲ್ಬ್ ಹಾಕಿ, ಸ್ವಿಚ್ ಆನ್ ಮಾಡಿ, ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಅಳೆಯಬೇಕಾದ್ದು ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅನ್ನುವುದನ್ನು. ಇದಕ್ಕೆ ವೋಲ್ಟೇಜ್ ಡ್ರಾಪ್ ಪರೀಕ್ಷೆ ಅನ್ನುತ್ತಾರೆ. ಹಳೆ ಕಾರಿಗೆ ಒಂದೇ ಪರೀಕ್ಷೆ ಕಲಿಯಿರಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಮಂಕಾದ ಹೆಡ್‌ಲೈಟನ್ನೇ ತೆಗೆದುಕೊಳ್ಳಿ. ಲೈಟ್ ಆನ್ ಮಾಡಿ. ಮೀಟರನ್ನು ಡಿ.ಸಿ. ವೋಲ್ಟಿಗೆ ಇಡಿ. ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದನ್ನು ಬಲ್ಬಿನ ಅರ್ಥ್ ಪಿನ್ ಮೇಲೆ ಇಡಿ. ಪಿನ್ ತಲುಪಲು ಕಪ್ಲರಿನ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗಿನ) ಹಿಂದಿನಿಂದ, ವೈರಿನ ಪಕ್ಕದಲ್ಲಿ, ತೆಳ್ಳಗಿನ ಗುಂಡುಸೂಜಿ ತೂರಿಸಬಹುದು. ವೈರಿನ ಪ್ಲಾಸ್ಟಿಕ್ ಚುಚ್ಚಬೇಡಿ, ಆ ತೂತಿನಿಂದ ನೀರು ಒಳಗೆ ಹೋಗಿ ಮುಂದಿನ ಮಳೆಗಾಲಕ್ಕೆ ಹೊಸ ತೊಂದರೆ ಶುರುವಾಗುತ್ತದೆ. ಮೀಟರ್ 0.1 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಅರ್ಥ್ ದಾರಿ ಚೆನ್ನಾಗಿದೆ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ. ಕಡ್ಡಿಯನ್ನು ಬಲ್ಬಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಪಕ್ಕದ ತಗಡಿಗೆ, ತಗಡಿನಿಂದ ಬ್ಯಾಟರಿ ಕಡೆಗೆ ಸರಿಸುತ್ತಾ ಬನ್ನಿ. ಸಂಖ್ಯೆ ಎಲ್ಲಿ ತಟ್ಟನೆ ಬೀಳುತ್ತದೋ, ಅಲ್ಲೇ ರೋಗ. ಅದೇ ರೀತಿ ಪಾಸಿಟಿವ್ ಕಡೆಯೂ ಬ್ಯಾಟರಿಯ ಪಾಸಿಟಿವ್‌ನಿಂದ ಬಲ್ಬಿಗೆ ಕರೆಂಟ್ ತರುವ ಪಿನ್ನಿಗೆ ಅಳೆಯಬಹುದು.

ಒಂದು ಲೆಕ್ಕ ನೋಡಿ. 55 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.5 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಒಂದು ಕೊಳೆಯಾದ ಜೋಡಣೆ ಇದ್ದು ಅದರ ತಡೆ 0.3 ಓಮ್ ಅಂತಿಟ್ಟುಕೊಳ್ಳಿ. ಸುಮಾರು 1.2 ವೋಲ್ಟ್ ಅಲ್ಲೇ ಖರ್ಚು. ಹತ್ತರಲ್ಲಿ ಒಂದು ಪಾಲು ತಾನೇ ಅನ್ನಬೇಡಿ. ಬಲ್ಬಿನ ಬೆಳಕು ವೋಲ್ಟೇಜಿಗಿಂತ ತುಂಬಾ ವೇಗವಾಗಿ ಇಳಿಯುತ್ತದೆ. ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ. ಕಳೆದುಹೋದ ವೋಲ್ಟು ಆ ಜೋಡಣೆಯಲ್ಲಿ ಶಾಖವಾಗುತ್ತದೆ, ಈ ಲೆಕ್ಕದಲ್ಲಿ ಸುಮಾರು 5 ವ್ಯಾಟ್. ಒಂದು ಪಾರ್ಕಿಂಗ್ ಬಲ್ಬಿನಷ್ಟು ಶಾಖ ಒಂದು ಸಣ್ಣ ಪಿನ್ನಿನಲ್ಲಿ. ಕಪ್ಲರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗುವುದು ಇದರಿಂದಲೇ. ಅಂಥ ಕಪ್ಲರ್ ಕಂಡರೆ ಮೀಟರ್ ಬೇಕಾಗಿಯೇ ಇಲ್ಲ.

ಸೆಲ್ಫ್ ಮೋಟರಿಗೆ ಇನ್ನೂ ಸೂಕ್ಷ್ಮ. ಅಲ್ಲಿ ಹರಿಯುವುದು 100 ಆಂಪಿಯರಿನ ಆಸುಪಾಸು. 0.01 ಓಮ್ ತಡೆ ಇದ್ದರೂ ಒಂದು ವೋಲ್ಟ್ ಹೋಯಿತು. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಬ್ಯಾಟರಿ ನೆಗೆಟಿವ್ ಮತ್ತು ಇಂಜಿನ್ನಿನ ಲೋಹದ ನಡುವೆ ಅಳೆಯಿರಿ. 0.2 ವೋಲ್ಟಿನೊಳಗೆ ಇರಬೇಕು. ಜಾಸ್ತಿ ಬಂದರೆ ಬ್ಯಾಟರಿ ಅಂಗಡಿಗೆ ಹೋಗುವ ಮೊದಲು ಅರ್ಥ್ ವೈರ್ ಬಿಚ್ಚಿ ಉಜ್ಜಿ. ಬ್ಯಾಟರಿಯ ಕ್ಲ್ಯಾಂಪು ಹೊರಗೆ ಹೊಳೆಯುತ್ತಿದ್ದರೂ ಒಳಮುಖ ಕಪ್ಪಾಗಿರುತ್ತದೆ, ಅದನ್ನೂ ಬಿಚ್ಚಿಯೇ ನೋಡಬೇಕು.

ಬ್ಯಾಟರಿಯದ್ದೂ ಬೇಗ ಹೇಳಿಬಿಡುತ್ತೇನೆ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2ರ ಹತ್ತಿರ ಇದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮೇಲೆ ಅನುಮಾನ. ಇಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಲೈಟು, ಫ್ಯಾನು ಹಾಕಿದಾಗಲೂ 13ಕ್ಕಿಂತ ಕೆಳಗೆ ಇಳಿದುಕೊಂಡೇ ಇದ್ದರೆ ಡೈನಮೋ, ಬೆಲ್ಟ್, ಅದರ ಬ್ರಷ್ ನೋಡಿ. ಬ್ರಷ್ ಸವೆದ ಡೈನಮೋ ಹಂಪಿನ ಮೇಲೆ ಚಾರ್ಜ್ ಬಿಡುತ್ತದೆ, ಆಮೇಲೆ ಮತ್ತೆ ಹಿಡಿಯುತ್ತದೆ.

ಬಿಚ್ಚಿ ಹಾಕಿದರೆ ಸರಿಹೋಗುವುದೇಕೆ?

"ಏನೂ ಮಾಡಲಿಲ್ಲ ಸಾರ್, ಕಪ್ಲರ್ ತೆಗೆದು ಹಾಕಿದೆ, ಸರಿಹೋಯ್ತು." ಈ ಮಾತು ಕೇಳಿರುತ್ತೀರಿ. ಕೆಲವು ವಾರ ಚೆನ್ನಾಗಿ ಓಡಿ ಮತ್ತೆ ಶುರು.

ಹಳೆ ಕಾರುಗಳ ಕಪ್ಲರ್ ಪಿನ್ನುಗಳ ಮೇಲೆ ಹೆಚ್ಚಾಗಿ ತವರದ ಲೇಪ ಇರುತ್ತದೆ. ಗಾಡಿ ಓಡುವಾಗ ಗಂಡು ಪಿನ್ನು ಹೆಣ್ಣು ಪಿನ್ನಿನೊಳಗೆ ಕಣ್ಣಿಗೆ ಕಾಣದಷ್ಟು ಅಲುಗುತ್ತಿರುತ್ತದೆ. ಪ್ರತಿ ಸಲ ತವರ ಸ್ವಲ್ಪ ಉಜ್ಜಿಹೋಗುತ್ತದೆ. ಹೊಸದಾಗಿ ಹೊರಬಂದ ಲೋಹ ಗಾಳಿಯ ಜೊತೆ ಸೇರಿ ಆಕ್ಸೈಡ್ ಆಗುತ್ತದೆ. ಆ ಕಪ್ಪು ಪುಡಿ ಅಲ್ಲೇ ಉಳಿದು ಎರಡು ಪಿನ್ನುಗಳ ನಡುವೆ ಪದರವಾಗುತ್ತದೆ. ಒಂದು ಹಂಪಿಗೆ ಪಿನ್ನು ಒಳ್ಳೆ ಜಾಗಕ್ಕೆ ಸರಿದರೆ ಕರೆಂಟ್ ಹರಿಯಿತು, ಇನ್ನೊಂದು ಹಂಪಿಗೆ ಪುಡಿಯ ಮೇಲೆ ಕೂತರೆ ನಿಂತಿತು. ಕಪ್ಲರ್ ತೆಗೆದು ಹಾಕಿದಾಗ ಆ ಪುಡಿ ಕೆರೆದುಹೋಗುತ್ತದೆ. ರೋಗದ ಮೂಲ ಮಾತ್ರ ಹಾಗೇ ಇದೆ: ಹೆಣ್ಣು ಪಿನ್ನು ಅಗಲವಾಗಿ ಹಿಡಿತ ಸಡಿಲವಾಗಿದೆ.

ಆದ್ದರಿಂದ ಬಿಚ್ಚಿ ಹಾಕಿ ಸರಿಹೋದರೆ ಖುಷಿಪಟ್ಟು ಸುಮ್ನೆ ಬಾನೆಟ್ ಮುಚ್ಚಬೇಡಿ. ಜಾಗ ಸಿಕ್ಕಿದೆ ಅಂತ ಅರ್ಥ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಒಂದೊಂದೇ ಪಿನ್ನಿನ ಹಿಡಿತ ನೋಡಿ. ಅದೇ ಅಳತೆಯ ಒಂದು ಬಿಡಿ ಗಂಡು ಪಿನ್ನನ್ನು ತೂರಿಸಿ ಎಳೆದಾಗ ಸ್ವಲ್ಪ ಬಿಗಿ ಸಿಗಬೇಕು. ಜಾರಿ ಬಂದರೆ ಆ ಪಿನ್ನನ್ನು ಹೊರತೆಗೆದು ಸಣ್ಣ ಸ್ಕ್ರೂ ಡ್ರೈವರಿನಿಂದ ಬಿಗಿ ಮಾಡಬೇಕು, ಇಲ್ಲವೇ ಹೊಸದು ಹಾಕಬೇಕು.

ಅಲುಗಾಟದ ತೊಂದರೆಯನ್ನು ಕೈಯಿಂದಲೇ ಬರಿಸಬಹುದು. ತೊಂದರೆ ಇರುವ ವಸ್ತುವನ್ನು ಆನ್ ಮಾಡಿ. ವೈರ್ ಕಿಟ್ಟನ್ನು (ಒಟ್ಟಿಗೆ ಕಟ್ಟಿದ ವೈರುಗಳ ಕಂತೆಯನ್ನು) ಗೇಣು ಗೇಣಿಗೆ ಹಿಡಿದು ಮೆಲ್ಲಗೆ ಅಲುಗಿಸುತ್ತಾ ಹೋಗಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ಫ್ಯೂಸ್ ಬಾಕ್ಸಿನ ಮೇಲೆ ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ. ಜೋರಾಗಿ ಎಳೆದಾಡಬೇಡಿ. ಹಳೆ ವೈರಿನ ಪ್ಲಾಸ್ಟಿಕ್ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುವ ಹಾಗಿರುತ್ತದೆ, ಒಂದು ತೊಂದರೆ ಹುಡುಕಲು ಹೋಗಿ ಮೂರು ಮಾಡಿಕೊಳ್ಳುವ ಹಾಗಾಗಬಾರದು. ಇಲಿ ಕಡಿದ ಗುರುತುಗಳನ್ನೂ ಇದೇ ಹೊತ್ತಿಗೆ ನೋಡಿ. ಪೂರ್ತಿ ಕಡಿದ ವೈರ್ ಬೇಗ ಸಿಗುತ್ತದೆ. ಅರ್ಧ ಕಡಿದು ಬಿಟ್ಟದ್ದು ಮಳೆ ಬಂದಾಗ ಮಾತ್ರ ಕಾಡುತ್ತದೆ.

ತೇವದ ಮೇಲೆ ಅನುಮಾನ ಇದ್ದರೆ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಸಾಕು. ಕತ್ತಲಲ್ಲಿ ಇಂಜಿನ್ ಓಡುವಾಗ ಪ್ಲಗ್ ವೈರುಗಳ ಮೇಲೆ ನೀರಿನ ಹನಿ ಹಾರಿಸಿ. ಸೋರುವ ವೈರ್ ಇದ್ದರೆ ನೀಲಿ ಕಿಡಿ ಕಾಣುತ್ತದೆ. ಕೈ ದೂರ ಇರಲಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಬಿಸಿಯಾದಾಗ ನಿಂತು, ತಣ್ಣಗಾದಾಗ ಓಡುವ ಗಾಡಿ

ಇದು ಎಲ್ಲಕ್ಕಿಂತ ತಲೆನೋವಿನದ್ದು. ಅರ್ಧ ಗಂಟೆ ಓಡುತ್ತದೆ, ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ತಳ್ಳಿ ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಏನೂ ಆಗದ ಹಾಗೆ ಸ್ಟಾರ್ಟ್.

ಬಿಸಿಗೆ ಲೋಹ ಹಿಗ್ಗುತ್ತದೆ. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲಿನ ಕೂದಲೆಳೆಯಂಥ ತಂತಿಯಲ್ಲಿ ಒಂದು ಬಿರುಕಿದ್ದರೆ ಬಿಸಿಯಾದಾಗ ಬಾಯಿ ಬಿಡುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ. ರಿಲೇ ಒಳಗಿನ ಬೆಸುಗೆಗೂ ಹೀಗೇ ಆಗುತ್ತದೆ. ಇಂಜಿನ್ ತಿರುಗುವುದನ್ನು ಅದರ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಇಂಜಿನ್ನಿಗೆ ಅಂಟಿಕೊಂಡೇ ಇರುವುದರಿಂದ ಅದರ ಮೇಲೂ ಅನುಮಾನ ಇಡಬೇಕು. ಕಾರ್ಬ್ಯುರೇಟರ್ ಕಾಲದ ಅಂಬಾಸಡರ್, ಪದ್ಮಿನಿಗಳಲ್ಲಾದರೆ ಕಾಯಿಲ್ ಮತ್ತು ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗದ) ಕಂಡೆನ್ಸರ್ ಮೇಲೆ.

ಗಾಡಿ ನಿಂತ ಆ ಹೊತ್ತೇ ಚಿನ್ನದಂಥ ಹೊತ್ತು. ಸುಮ್ನೆ ಕಾಯುತ್ತಾ ಕೂರುವ ಬದಲು ಮೂರು ವಿಷಯ ನೋಡಿ. ಇಂಜೆಕ್ಷನ್ ಗಾಡಿಯಾದರೆ ಕೀ ಆನ್ ಮಾಡಿದಾಗ ಚೆಕ್ ಇಂಜಿನ್ ದೀಪ ಹತ್ತಿತಾ? ಹತ್ತಲಿಲ್ಲ ಅಂದರೆ ಇಂಜಿನ್ ಕಂಪ್ಯೂಟರಿಗೇ ಕರೆಂಟ್ ಬರುತ್ತಿಲ್ಲ, ಮೇನ್ ರಿಲೇ ಮತ್ತು ಅದರ ಫ್ಯೂಸ್ ನೋಡಿ. ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡ್ ಗುಯ್ಯೆಂದಿತಾ? ಇಲ್ಲವಾದರೆ ಪಂಪಿನ ರಿಲೇ ಅಥವಾ ಅರ್ಥ್. ಎರಡೂ ಸರಿ ಇದ್ದರೆ ಮುಂದಿನದು ಕಿಡಿ. ಕಿಡಿ ಪರೀಕ್ಷೆಗೆ ಟೆಸ್ಟರ್ ಬಳಸಿ, ವೈರ್ ಕೈಯಲ್ಲಿ ಹಿಡಿಯುವ ಸಾಹಸ ಬೇಡ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಆ ಪರೀಕ್ಷೆಯೇ ಬೇಡ. ಈ ಮೂರು ಉತ್ತರಗಳನ್ನು ಬರೆದುಕೊಂಡು ಹೋದರೆ ಮೆಕ್ಯಾನಿಕ್‌ಗೆ ಗಾಡಿ ತಣ್ಣಗಿದ್ದರೂ ದಾರಿ ಸಿಗುತ್ತದೆ.

ಮನೆಯಲ್ಲಿ ಅದೇ ತೊಂದರೆ ಬರಿಸಬೇಕಾದರೆ ಕೂದಲು ಒಣಗಿಸುವ ಡ್ರೈಯರಿನಿಂದ ರಿಲೇಯನ್ನೋ ಸೆನ್ಸರನ್ನೋ ಒಂದೊಂದಾಗಿ ಬಿಸಿ ಮಾಡಿ ನೋಡಬಹುದು. ಒಂದು ಸಲಕ್ಕೆ ಒಂದೇ. ಎಲ್ಲವನ್ನೂ ಒಟ್ಟಿಗೆ ಬಿಸಿ ಮಾಡಿದರೆ ಏನೂ ತಿಳಿಯುವುದಿಲ್ಲ.

ಆಗಾಗ ಸುಡುವ ಫ್ಯೂಸ್, ಬೆಳಗಾಗುವುದರಲ್ಲಿ ಖಾಲಿಯಾಗುವ ಬ್ಯಾಟರಿ

ಫ್ಯೂಸ್ ಪದೇ ಪದೇ ಸುಟ್ಟರೆ ಹೆಚ್ಚಾಗಿ ಎಲ್ಲೋ ಒಂದು ವೈರ್ ಬಾಡಿಗೆ ತಾಗುತ್ತಿದೆ. ದೊಡ್ಡ ಫ್ಯೂಸ್ ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ಬೆಂಕಿಗೆ ದಾರಿ. ಕೆಂಪು ಅಂದರೆ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಯಾವ ಬಣ್ಣ ಇತ್ತೋ ಅದೇ ಬಣ್ಣ ಹಾಕಬೇಕು.

ಹುಡುಕಲು ಒಂದು ಸೊಗಸಾದ ಉಪಾಯ ಇದೆ. ಸುಟ್ಟ ಫ್ಯೂಸ್ ತೆಗೆದು, ಅದರ ಎರಡು ಕಾಲುಗಳ ಜಾಗಕ್ಕೆ ಹೆಡ್‌ಲೈಟಿನ 55 ವ್ಯಾಟಿನ ಬಲ್ಬೊಂದನ್ನು ವೈರಿನಿಂದ ಜೋಡಿಸಿ. ಈಗ ವೈರ್ ಬಾಡಿಗೆ ತಾಗಿದರೂ ಸುಡುವುದಿಲ್ಲ, ಬಲ್ಬು 4.5 ಆಂಪಿಯರಿಗಿಂತ ಜಾಸ್ತಿ ಬಿಡುವುದಿಲ್ಲ. ತಾಗಿರುವ ತನಕ ಬಲ್ಬು ಪೂರ್ತಿ ಬೆಳಗುತ್ತದೆ. ವೈರ್ ಕಿಟ್ ಅಲುಗಿಸುತ್ತಾ ಹೋಗಿ. ಎಲ್ಲಿ ಮುಟ್ಟಿದಾಗ ಬಲ್ಬು ಆರುತ್ತದೋ ಅಥವಾ ಮಂಕಾಗುತ್ತದೋ, ಅದೇ ಜಾಗ. ಒಂದೂ ಫ್ಯೂಸ್ ಸುಡದೆ ಕೆಲಸ ಮುಗಿಯುತ್ತದೆ. ಬಲ್ಬು ತುಂಬಾ ಬಿಸಿಯಾಗುತ್ತದೆ, ಸೀಟಿನ ಮೇಲೆ ಇಡಬೇಡಿ. ಏರ್‌ಬ್ಯಾಗ್ ಫ್ಯೂಸಿಗೆ ಈ ಪ್ರಯೋಗ ಮಾಡಲೇಬೇಡಿ. ಹಳದಿ ಕಪ್ಲರ್ ಇರುವ ಏರ್‌ಬ್ಯಾಗ್ ವೈರುಗಳ ಹತ್ತಿರವೂ ಹೋಗಬೇಡಿ.

ಬ್ಯಾಟರಿ ಇಳಿಯುವ ವಿಷಯಕ್ಕೆ ಬಂದರೆ, ಡಿಕ್ಕಿಯ 5 ವ್ಯಾಟಿನ ಒಂದು ದೀಪ ಆರದೇ ಉಳಿದರೂ ಸುಮಾರು 0.4 ಆಂಪಿಯರ್ ಹೋಗುತ್ತಿರುತ್ತದೆ. ದಿನಕ್ಕೆ ಸುಮಾರು 10 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಎರಡು ದಿನದೊಳಗೆ ಅರ್ಧ ಖಾಲಿ. ಮೀಟರಿನ 10 ಆಂಪಿಯರ್ ತೂತಿಗೆ ಕಡ್ಡಿ ಹಾಕಿ, ಬ್ಯಾಟರಿ ನೆಗೆಟಿವ್ ಮತ್ತು ಅದರಿಂದ ಬಿಚ್ಚಿದ ಕ್ಲ್ಯಾಂಪಿನ ನಡುವೆ ಸೇರಿಸಿ. ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೂ 50 ಮಿಲಿಆಂಪಿಯರಿಗಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆದು ಯಾವುದಕ್ಕೆ ಇಳಿಯುತ್ತದೆ ನೋಡಿ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಬಾರದು. ಯಾವ ಫ್ಯೂಸ್ ತೆಗೆದರೂ ಇಳಿಯದಿದ್ದರೆ ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಅಲಾರಂ, ಫಾಗ್ ಲ್ಯಾಂಪುಗಳ ವೈರ್ ಹುಡುಕಿ, ಅವು ಎಷ್ಟೋ ಸಲ ಬ್ಯಾಟರಿಗೆ ನೇರವಾಗಿ ಸೇರಿರುತ್ತವೆ. ಬೆಳಗ್ಗೆ ಎದ್ದು ಡೈನಮೋ ಮುಟ್ಟಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದು ಬೆಚ್ಚಗಿದ್ದರೆ ಒಳಗಿನ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಸೋರುತ್ತಿದೆ.

ಸಿಕ್ಕ ಮೇಲೆ ಸರಿಯಾಗಿ ಜೋಡಿಸುವುದು

ಎರಡು ವೈರ್ ತಿರುಚಿ ಟೇಪ್ ಸುತ್ತಿದರೆ ಅದು ಮುಂದಿನ ವರ್ಷದ ತೊಂದರೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಾನೆಟ್ ಕೆಳಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಸರಿಯಾದ ಅಳತೆಯ ಥಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ಟೋಪಿ) ಹಾಕಿ, ಅದಕ್ಕೆಂದೇ ಇರುವ ಕ್ರಿಂಪಿಂಗ್ ಪ್ಲೇಯರಿನಿಂದ ಒತ್ತಿಸಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿ. ಅರ್ಥ್ ಜಾಗದಲ್ಲಿ ಬಣ್ಣ, ತುಕ್ಕು ಎರಡನ್ನೂ ಎಮರಿ ಪೇಪರಿನಿಂದ ತೆಗೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಮೇಲ್ಗಡೆ ಗ್ರೀಸ್ ಅಥವಾ ವ್ಯಾಸಲೀನ್ ಸವರಿದರೆ ನೀರು ತಾಗುವುದಿಲ್ಲ. ಈ ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೊನೆಯಲ್ಲಿ ಅದನ್ನೇ ಹಾಕಿ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಉಂಗುರ, ಬಳೆ, ವಾಚು ತೆಗೆದಿಡಿ.

ಆಮೇಲೆ ನಿಮ್ಮ ಚೀಟಿ ತೆಗೆಯಿರಿ. ತೊಂದರೆ ಯಾವ ಸಂದರ್ಭದಲ್ಲಿ ಬರುತ್ತಿತ್ತೋ ಅದನ್ನೇ ಬೇಕಂತಲೇ ಮತ್ತೆ ತನ್ನಿ. ಬಿಸಿಗೆ ಬರುತ್ತಿದ್ದರೆ ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಓಡಿಸಿ. ಮಳೆಗೆ ಬರುತ್ತಿದ್ದರೆ ಪೈಪಿನಿಂದ ನೀರು ಬಿಡಿ. ಮೊದಲು ಅಳೆದ ಜಾಗದಲ್ಲೇ ಮತ್ತೆ ವೋಲ್ಟೇಜ್ ಡ್ರಾಪ್ ಅಳೆದು ಹಳೆ ಸಂಖ್ಯೆಯ ಪಕ್ಕ ಬರೆಯಿರಿ. 1.2 ಇದ್ದದ್ದು 0.05 ಆಗಿದ್ದರೆ ಆ ಹೆಡ್‌ಲೈಟಿನ ಕೆಲಸ ಮುಗಿಯಿತು. ಇನ್ನೂ 0.6 ಇದ್ದರೆ ಅದೇ ದಾರಿಯಲ್ಲಿ ಇನ್ನೊಂದು ಜೋಡಣೆ ಬಾಕಿ ಇದೆ.